ಟ್ಯೂಬ್ ಆಂಪ್ ಸುಧಾರಿಸಬೇಕಾ? ಟ್ಯೂಬ್ ಕೊಳ್ಳುವುದು ಕೊನೆಗಿರಲಿ

ಟ್ಯೂಬ್ ಆಂಪ್, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ವ್ಯಾಕ್ಯೂಮ್ ಟ್ಯೂಬ್‌ಗಳಿಂದ ಹಾಡಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್, ಮನೆಗೆ ಬಂದು ಮೂರ್ನಾಲ್ಕು ತಿಂಗಳು ಕಳೆಯಿತು ಅಂದರೆ ಕೈ ತುರಿಸಲು ಶುರುವಾಗುತ್ತದೆ. ಟ್ಯೂಬ್ ಅಂದರೆ ಬಲ್ಬಿನ ಹಾಗೆ ಕಿತ್ತು ಇನ್ನೊಂದು ಹಾಕಬಹುದಾದ ವಸ್ತು, ಬೆಸುಗೆ ಬೇಡ, ಲೆಕ್ಕ ಬೇಡ, ಹಳೇ ಕಾಲದ ದೊಡ್ಡ ಹೆಸರಿನ ಒಂದು ಜೊತೆ ತಂದು ಸಿಕ್ಕಿಸಿದರೆ ಹಾಡು ಬೇರೆಯೇ ಆಗಿಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಶುರು ಮಾಡಿದವನು. ಈಗ ನನ್ನ ಕಪಾಟಿನಲ್ಲಿ ಒಂದು ಶೂ ಡಬ್ಬಿ ತುಂಬ ಟ್ಯೂಬ್ ಇವೆ. ಅದರಲ್ಲಿ ನಿಜವಾಗಿ ಬಳಸುವುದು ನಾಲ್ಕೋ ಐದೋ.

ಹಾಗಾಗಿ ಇಲ್ಲಿ ಹೇಳುವ ಕ್ರಮ ಸ್ವಲ್ಪ ಉಲ್ಟಾ. ಮೊದಲು ಖರ್ಚಿಲ್ಲದ ಕೆಲಸ, ಆಮೇಲೆ ಸವೆದ ಭಾಗಗಳು, ಆಮೇಲೆ ಟ್ಯೂಬ್. ಟ್ಯೂಬ್ ಬದಲಿಸಿದರೆ ವ್ಯತ್ಯಾಸ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಬರುತ್ತದೆ. ಆದರೆ ಬಯಾಸ್ (ಟ್ಯೂಬಿನ ಕರೆಂಟ್ ಹೊಂದಿಕೆ) ತಪ್ಪಿದ, ಕೆಪಾಸಿಟರ್ (ವಿದ್ಯುತ್ ಕೂಡಿಡುವ ಭಾಗ) ಒಣಗಿದ ಆಂಪ್‌ಗೆ ದುಬಾರಿ ಟ್ಯೂಬ್ ಹಾಕುವುದು ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ.

ಮೊದಲು ಜೀವ

ಇದನ್ನು ಓದದೆ ಮುಂದೆ ಹೋಗಬೇಡಿ. ಆಂಪ್ ತಳ ಬಿಚ್ಚದೆ ಮೇಲಿನಿಂದ ಟ್ಯೂಬ್ ಬದಲಿಸುವುದರಲ್ಲಿ ಅಂಥ ಅಪಾಯ ಇಲ್ಲ. ಆಫ್ ಮಾಡಿ, ಗೋಡೆಯ ಪ್ಲಗ್ ಕೀಳಿ, ಅರ್ಧ ಗಂಟೆ ಆರಲು ಬಿಡಿ. ಪವರ್ ಟ್ಯೂಬ್, ಅಂದರೆ ಸ್ಪೀಕರ್ ಓಡಿಸುವ ದೊಡ್ಡ ಟ್ಯೂಬ್, ಬಿಸಿ ಇದ್ದಾಗ ಮುಟ್ಟಿದರೆ ಬೆರಳು ಬೊಬ್ಬೆ ಏಳುತ್ತದೆ. ಎಂಟು ಪಿನ್ನಿನ ದೊಡ್ಡ ಟ್ಯೂಬ್ ಆದರೆ ಗಾಜು ಹಿಡಿದು ಎಳೆಯಬೇಡಿ, ಕೆಳಗಿನ ಬುಡ ಹಿಡಿದು ಮೆಲ್ಲಗೆ ಅಲುಗಿಸುತ್ತ ಮೇಲೆತ್ತಿ. ಒಂಬತ್ತು ಪಿನ್ನಿನ ಸಣ್ಣದಕ್ಕೆ ಬುಡವೇ ಇಲ್ಲ, ಬಟ್ಟೆ ಸುತ್ತಿ ನೇರ ಎಳೆಯಿರಿ. ಜಾಸ್ತಿ ಓರೆ ಮಾಡಿದರೆ ಪಿನ್ ಬಳಿ ಗಾಜು ಬಿರುಕು ಬಿಡುತ್ತದೆ. ಬಿರುಕು ಬಿಟ್ಟಿತು ಅಂದರೆ ಒಳಗೆ ಗಾಳಿ ಹೋಯಿತು, ಟ್ಯೂಬ್ ಸತ್ತಿತು.

ತಳ ಬಿಚ್ಚುವುದು ಮಾತ್ರ ಬೇರೆ ಲೋಕ. ಅಲ್ಲಿ 300ರಿಂದ 500 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಕೆಲವು ಆಂಪ್‌ಗಳಲ್ಲಿ ಅದನ್ನು ಬರಿದು ಮಾಡಲು ಬ್ಲೀಡರ್ ರೆಸಿಸ್ಟರ್ ಹಾಕಿರುತ್ತಾರೆ, ಕೆಲವದರಲ್ಲಿ ಇಲ್ಲ, ಇದ್ದರೂ ಸುಟ್ಟುಹೋಗಿರಬಹುದು, ಆದ್ದರಿಂದ ಅದನ್ನು ನಂಬಬೇಡಿ. 10 ಕಿಲೋಓಮ್, 10 ವ್ಯಾಟ್‌ನ ಒಂದು ರೆಸಿಸ್ಟರ್‌ಗೆ ಒಳ್ಳೆ ಹೊದಿಕೆಯ ವೈರು ಮತ್ತು ಕ್ಲಿಪ್ ಹಾಕಿಕೊಳ್ಳಿ. ಒಂದು ತುದಿ ಷಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ), ಇನ್ನೊಂದು ತುದಿ ಕೆಪಾಸಿಟರ್‌ನ ಪ್ಲಸ್‌ಗೆ, ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್ ಇಟ್ಟು ನೋಡಿ. ಪ್ರತಿಯೊಂದು ಕೆಪಾಸಿಟರ್‌ಗೂ ಹೀಗೇ. ಸ್ಕ್ರೂ ಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಶೂರರನ್ನು ನೋಡಿದ್ದೇನೆ, ಅದು ಕೆಪಾಸಿಟರ್‌ಗೂ ಒಳ್ಳೆಯದಲ್ಲ ಕಣ್ಣಿಗೂ ಒಳ್ಳೆಯದಲ್ಲ. ಆನ್ ಇರುವಾಗಲೇ ಏನಾದರೂ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿರಲಿ. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆ ಹಾದು ಹೋಗುತ್ತದೆ. ಇಷ್ಟು ಓದಿ ಸ್ವಲ್ಪವಾದರೂ ಅಳುಕು ಬಂದರೆ ತಳ ಬಿಚ್ಚುವ ಕೆಲಸವನ್ನು ಗೊತ್ತಿರುವವರಿಗೆ ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು ಮಾತು. ಸ್ಪೀಕರ್ ಜೋಡಿಸದೆ ಟ್ಯೂಬ್ ಪವರ್ ಆಂಪ್ ಆನ್ ಮಾಡಬೇಡಿ. ಲೋಡ್ ಇಲ್ಲದೆ ಸಿಗ್ನಲ್ ಹೋದರೆ ಟ್ಯೂಬ್ ಮತ್ತು ಸ್ಪೀಕರ್ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗಿನ ಇನ್ಸುಲೇಷನ್ ಸುಡಬಹುದು. ಇಡೀ ಆಂಪ್‌ನಲ್ಲಿ ಅತಿ ದುಬಾರಿ ಭಾಗ ಅದೇ.

ದುಡ್ಡಿಲ್ಲದೆ ಆಗುವ ಕೆಲಸ

ಆಂಪ್‌ನ ಹಿಂದೆ 4, 8, ಕೆಲವೊಮ್ಮೆ 16 ಓಮ್ ಅಂತ ಬರೆದ ಸ್ಪೀಕರ್ ಟರ್ಮಿನಲ್‌ಗಳಿವೆ ಅಲ್ವಾ? ನಿಮ್ಮ ಸ್ಪೀಕರ್ ಮೇಲೆ 8 ಓಮ್ ಅಂತ ಇದ್ದರೂ ಒಮ್ಮೆ 4ಕ್ಕೆ ಹಾಕಿ ಕೇಳಿ. ಸ್ಪೀಕರ್‌ನ ಓಮ್ ಅನ್ನುವುದು ಒಂದೇ ಸಂಖ್ಯೆ ಅಲ್ಲ, ಸ್ವರಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. 8 ಓಮ್ ಅಂತ ಬರೆದ ಎಷ್ಟೋ ಸ್ಪೀಕರ್ ಕೆಲವು ಕಡೆ 4ಕ್ಕೆ ಇಳಿಯುತ್ತವೆ. ಕೆಳಗಿನ ಟರ್ಮಿನಲ್‌ನಲ್ಲಿ ಸ್ವಲ್ಪ ಪವರ್ ಕಡಿಮೆಯಾಗಬಹುದು, ಆದರೆ ಬಾಸ್ ಬಿಗಿಯಾಗಬಹುದು. ನನ್ನ ಅನುಭವದಲ್ಲಿ ಇದೊಂದು ಬದಲಾವಣೆ ಶೂ ಡಬ್ಬಿಯ ಅರ್ಧದಷ್ಟು ಟ್ಯೂಬ್‌ಗಳಿಗಿಂತ ಜಾಸ್ತಿ ಕೇಳಿಸಿತು. ಬದಲಿಸುವಾಗ ಆಂಪ್ ಆಫ್ ಇರಲಿ.

ಆಮೇಲೆ ಸ್ವಚ್ಛ ಮಾಡುವುದು. ಟ್ಯೂಬ್ ಪಿನ್ ಮತ್ತು ಸಾಕೆಟ್ ಮೇಲೆ ಕಾಲಕ್ರಮೇಣ ಕಪ್ಪು ಪದರ ಕೂರುತ್ತದೆ. ಚರಚರ ಸದ್ದು, ಒಂದು ಕಡೆಯ ಸ್ಪೀಕರ್‌ನ ಹಾಡು ಆಗಾಗ ಮಾಯವಾಗುವುದು, ಇವು ಅರ್ಧಕ್ಕರ್ಧ ಇದರಿಂದಲೇ. ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಪಿನ್ ಒರೆಸಿ, ಆಂಪ್ ಪೂರ್ತಿ ಬರಿದಾಗಿರುವಾಗ ಅದೇ ಒದ್ದೆ ಪಿನ್ನನ್ನು ಸಾಕೆಟ್‌ಗೆ ನಾಲ್ಕು ಸಲ ಹಾಕಿ ತೆಗೆಯಿರಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಗಾಜಿನ ಮೇಲಿನ ಅಕ್ಷರ ಮಾತ್ರ ಒರೆಸಬೇಡಿ. ಹಳೇ ಟ್ಯೂಬ್‌ನ ಅಕ್ಷರ ಬೆರಳು ತಾಗಿದರೂ ಅಳಿಸಿಹೋಗುತ್ತದೆ, ಆಮೇಲೆ ಅದು ಏನು ಅಂತ ನಿಮಗೇ ಗೊತ್ತಾಗುವುದಿಲ್ಲ. ನನ್ನ ಡಬ್ಬಿಯಲ್ಲಿ ಅಂಥ ಎರಡು ಅನಾಥ ಟ್ಯೂಬ್ ಇವೆ.

ಮತ್ತೆ ಹೀಟರ್, ಅಂದರೆ ಟ್ಯೂಬ್ ಒಳಗಿನ ಬಿಸಿ ತಂತಿಯ ವೋಲ್ಟೇಜ್. ಇದನ್ನು ಯಾರೂ ನೋಡುವುದಿಲ್ಲ. 6.3 ವೋಲ್ಟ್ ಬೇಕಾದ ಹೀಟರ್‌ಗೆ ಶೇಕಡಾ 10 ಆಚೆ ಈಚೆ ನಡೆಯುತ್ತದೆ, ಅಂದರೆ ಸುಮಾರು 5.7ರಿಂದ 6.9ರ ತನಕ. ಹಳೇ ಆಂಪ್‌ಗಳ ಟ್ರಾನ್ಸ್‌ಫಾರ್ಮರ್‌ಗಳನ್ನು ಸುತ್ತಿದ್ದು 220 ವೋಲ್ಟ್‌ಗೆ, ಗೋಡೆಯಲ್ಲಿ ಇವತ್ತು ಬರುತ್ತಿರುವುದು 240 ಆದರೆ ಒಳಗಿನ ಎಲ್ಲ ವೋಲ್ಟೇಜ್‌ಗಳೂ ಅದೇ ಲೆಕ್ಕದಲ್ಲಿ ಏರುತ್ತವೆ. ಟ್ಯೂಬ್ ಬೇಗ ಸಾಯುತ್ತದೆ, ಆಂಪ್ ಬೇಕಾದ್ದಕ್ಕಿಂತ ಬಿಸಿಯಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನಲ್ಲಿ ಬೇರೆ ಬೇರೆ ವೋಲ್ಟೇಜಿನ ಟ್ಯಾಪ್ ಇದೆಯಾ ನೋಡಿ, ಇದ್ದರೆ ಸರಿಯಾದದ್ದಕ್ಕೆ ಬದಲಿಸಿ.

ಬಯಾಸ್

ಬಯಾಸ್ ಅಂದರೆ ಹಾಡು ಇಲ್ಲದಾಗ ಪವರ್ ಟ್ಯೂಬಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿರಬೇಕು ಅನ್ನುವ ಲೆಕ್ಕ. ನಿಂತ ಗಾಡಿಯ ಐಡ್ಲಿಂಗ್ ಸೆಟ್ ಮಾಡಿದ ಹಾಗೆ. ಆಂಪ್‌ಗಳಲ್ಲಿ ಎರಡು ಬಗೆ. ಕ್ಯಾಥೋಡ್ ಬಯಾಸ್ ಅಥವಾ ಸೆಲ್ಫ್ ಬಯಾಸ್ ಅನ್ನುವುದರಲ್ಲಿ ಒಂದು ರೆಸಿಸ್ಟರ್ ತಾನೇ ಸಂಭಾಳಿಸುತ್ತದೆ, ನೀವು ಏನೂ ತಿರುಗಿಸಬೇಕಾಗಿಲ್ಲ. ಫಿಕ್ಸೆಡ್ ಬಯಾಸ್ ಅನ್ನುವುದು ಹೆಸರಿಗೆ ಮಾತ್ರ ಫಿಕ್ಸೆಡ್, ಅದನ್ನೇ ನಾವು ಹೊಂದಿಸಬೇಕು. ಯಾವ ತಲೆಕೆಟ್ಟವರು ಈ ಹೆಸರಿಟ್ಟರೋ.

ನಿಮ್ಮ ಆಂಪ್‌ನ ಕೈಪಿಡಿಯಲ್ಲಿ ಒಂದು ಸಂಖ್ಯೆ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಲೆಕ್ಕ ಕಷ್ಟವಲ್ಲ. ಇಎಲ್34 ಅನ್ನುವ ಪವರ್ ಟ್ಯೂಬಿನ ಪ್ಲೇಟ್ (ಒಳಗಿನ ಬೂದು ಲೋಹದ ತಗಡು) ತಡೆಯುವ ಗರಿಷ್ಠ ಶಾಖ 25 ವ್ಯಾಟ್. ಪುಶ್-ಪುಲ್ (ಪವರ್ ಟ್ಯೂಬ್‌ಗಳು ಜೋಡಿಯಾಗಿ ಸರದಿಯಲ್ಲಿ ದುಡಿಯುವ) ಫಿಕ್ಸೆಡ್ ಬಯಾಸ್ ಆಂಪ್‌ನಲ್ಲಿ ಅದರ ಶೇಕಡಾ 70 ದಾಟದಿರುವುದು ಒಳ್ಳೆಯದು, ಅಂದರೆ 17.5 ವ್ಯಾಟ್. ಪ್ಲೇಟ್ ವೋಲ್ಟೇಜ್ 430 ಇದ್ದರೆ 17.5ನ್ನು 430ರಿಂದ ಭಾಗಿಸಿ, ಸುಮಾರು 40 ಮಿಲಿಆಂಪ್ ಬರುತ್ತದೆ. ಎಷ್ಟೋ ಆಂಪ್‌ಗಳಲ್ಲಿ ಕ್ಯಾಥೋಡ್‌ಗೆ (ಟ್ಯೂಬ್ ಒಳಗೆ ಎಲೆಕ್ಟ್ರಾನ್ ಹೊರಡುವ ತುದಿಗೆ) 1 ಅಥವಾ 10 ಓಮ್‌ನ ಸಣ್ಣ ರೆಸಿಸ್ಟರ್ ಇರುತ್ತದೆ. 1 ಓಮ್ ಆದರೆ ಮೀಟರ್‌ನಲ್ಲಿ 40 ಮಿಲಿವೋಲ್ಟ್ ಅಂದರೆ 40 ಮಿಲಿಆಂಪ್, 10 ಓಮ್ ಆದರೆ 400 ಮಿಲಿವೋಲ್ಟ್. ಇದರಲ್ಲಿ ಟ್ಯೂಬ್ ಒಳಗಿನ ಇನ್ನೊಂದು ಭಾಗವಾದ ಸ್ಕ್ರೀನ್ ಗ್ರಿಡ್‌ನ ಕರೆಂಟೂ ಸೇರಿರುವುದರಿಂದ ಪ್ಲೇಟಿನ ಕರೆಂಟ್ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ, ಆ ತಪ್ಪು ನಮ್ಮ ಒಳ್ಳೆಯದಕ್ಕೇ.

ಹೊಸ ಪವರ್ ಟ್ಯೂಬ್ ಹಾಕುವ ಮೊದಲು ಬಯಾಸ್ ಅನ್ನು ಕಡಿಮೆ ಕರೆಂಟಿನ ಕಡೆಗೆ ತಿರುಗಿಸಿಟ್ಟುಕೊಳ್ಳಿ. ಆನ್ ಮಾಡಿ ಹತ್ತು ನಿಮಿಷ ಬಿಟ್ಟು ನಿಧಾನವಾಗಿ ಏರಿಸಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ಖಂಡಿತ ಸರಿದಿರುತ್ತದೆ. ಒಂದು ವಾರ ಆದ ಮೇಲೆ ಇನ್ನೊಮ್ಮೆ. ಪ್ಲೇಟ್ ಕೆಂಡದ ಹಾಗೆ ಕೆಂಪಗಾಗುತ್ತಿದ್ದರೆ ಯೋಚನೆ ಮಾಡುತ್ತ ಕೂರಬೇಡಿ, ಆ ಕ್ಷಣವೇ ಆಫ್ ಮಾಡಿ. ಕಿತ್ತಳೆ ಬಣ್ಣದ ಹೀಟರ್ ಬೆಳಕು ಸಹಜ, ಗಾಜಿನ ಒಳಮೈಗೆ ಅಂಟಿದ ಹಾಗೆ ಕಾಣುವ ನೀಲಿ ಹೊಳಪೂ ಸಹಜ. ಬೂದು ಬಣ್ಣದ ಲೋಹದ ತಗಡೇ ಕೆಂಪಾದರೆ ಮಾತ್ರ ಅಪಾಯ.

ಕೆಪಾಸಿಟರ್, ಅಂದರೆ ನಿಜವಾದ ಅಪ್‌ಗ್ರೇಡ್

ಒಂದು ಹಳೇ ಆಂಪ್ ಕೊಂಡಿದ್ದೆ. ಬಲಗಡೆಯ ಒಂದು ಇಎಲ್34 ಅರ್ಧ ಗಂಟೆಯಾದ ಮೇಲೆ ಕೆಂಪಾಗುತ್ತಿತ್ತು. ಟ್ಯೂಬ್ ಹೋಗಿದೆ ಅಂತ ಸೀದಾ ಹೊಸ ನಾಲ್ಕರ ಸೆಟ್ ತರಿಸಿದೆ. ಹೊಸದೂ ಅದೇ ಜಾಗದಲ್ಲಿ ಕೆಂಪಾಯಿತು! ಆಮೇಲೆ ಬುದ್ಧಿ ಬಂದು ಅಳೆದು ನೋಡಿದರೆ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಹಿಂದಿನ ಹಂತದ ನೂರಾರು ವೋಲ್ಟ್ ಡಿಸಿಯನ್ನು ತಡೆದು ಹಾಡನ್ನು ಮಾತ್ರ ಮುಂದೆ ಬಿಡುವುದು ಅದರ ಕೆಲಸ. ಸೋರಿದರೆ ಪವರ್ ಟ್ಯೂಬ್‌ನ ಗ್ರಿಡ್ (ಕರೆಂಟ್ ಎಷ್ಟು ಹರಿಯಬೇಕು ಅಂತ ನಿಯಂತ್ರಿಸುವ ಜಾಲರಿ) ಮೇಲೆ ಇರಬೇಕಾದ ಮೈನಸ್ ವೋಲ್ಟೇಜ್ ಕುಸಿಯುತ್ತದೆ, ಟ್ಯೂಬ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ. ಬಡಪಾಯಿ ಟ್ಯೂಬ್‌ನ ತಪ್ಪೇನೂ ಇರಲಿಲ್ಲ.

ಪತ್ತೆ ಮಾಡುವುದು ಸುಲಭ. ಪವರ್ ಟ್ಯೂಬ್‌ನ ಗ್ರಿಡ್‌ನಿಂದ ಹೊರಡುವ ಗ್ರಿಡ್-ಲೀಕ್ ರೆಸಿಸ್ಟರ್ ಒಂದಿರುತ್ತದೆ, ಸಾಮಾನ್ಯವಾಗಿ 100ರಿಂದ 470 ಕಿಲೋಓಮ್, ಇಎಲ್34ರಲ್ಲಿ ಗ್ರಿಡ್ ಅಂದರೆ 5ನೇ ಪಿನ್. ಹಾಡು ಇಲ್ಲದಾಗ ಆ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಒಂದೆರಡು ವೋಲ್ಟ್ ಕಂಡರೆ ಕೆಪಾಸಿಟರ್ ಸೋರುತ್ತಿದೆ, ಇಲ್ಲವೇ ಟ್ಯೂಬ್ ಒಳಗೆ ಗ್ಯಾಸ್ ಆಗಿದೆ. ಯಾವುದು ಅಂತ ತಿಳಿಯಲು ಆಫ್ ಮಾಡಿ ಆ ಟ್ಯೂಬನ್ನು ಪಕ್ಕದ ಸಾಕೆಟ್‌ಗೆ ಅದಲು ಬದಲು ಮಾಡಿ. ದೋಷ ಅದೇ ಸಾಕೆಟ್‌ನಲ್ಲಿ ಉಳಿದರೆ ಕೆಪಾಸಿಟರ್.

ಬದಲಿಸುವಾಗ ಅದೇ ಮೌಲ್ಯದ, 0.1 ಇದ್ದರೆ 0.1, 0.22 ಇದ್ದರೆ 0.22 ಮೈಕ್ರೋಫ್ಯಾರಡ್‌ನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ. ವೋಲ್ಟೇಜ್ ರೇಟಿಂಗ್ 630 ಇರಲಿ. ಆನ್ ಮಾಡಿದ ಮೊದಲ ಕೆಲವು ಸೆಕೆಂಡ್ ಟ್ಯೂಬ್‌ಗಳು ತಣ್ಣಗಿದ್ದು ಕರೆಂಟ್ ಎಳೆಯುವುದಿಲ್ಲ, ಆಗ ಪೂರ್ತಿ ವೋಲ್ಟೇಜ್ ಕೆಪಾಸಿಟರ್ ಮೇಲೆ ಬೀಳುತ್ತದೆ, ಕೆಲಸ ಮಾಡುವಾಗಿನ ವೋಲ್ಟೇಜ್ ನೋಡಿ 250ರದ್ದು ಹಾಕಿದರೆ ಒಂದು ದಿನ ಕೈಕೊಡುತ್ತದೆ. ಎಣ್ಣೆ ತುಂಬಿದ, ಬೆಳ್ಳಿ ಹಾಳೆಯ, ಬಾಟಲಿ ಗಾತ್ರದ ಕೆಪಾಸಿಟರ್‌ಗಳ ಬಗ್ಗೆ ಜನ ಪುರಾಣವನ್ನೇ ಬರೆದಿದ್ದಾರೆ. ಸಾಧಾರಣ ಒಳ್ಳೆ ಫಿಲ್ಮ್‌ಗೂ ಅವಕ್ಕೂ ಇರುವ ವ್ಯತ್ಯಾಸ ನನ್ನ ಕಿವಿಗೆ ಗೊತ್ತಾಗಿಲ್ಲ. ಸೋರುವ ಕಾಗದದ ಕೆಪಾಸಿಟರ್‌ಗೂ ಸಾಧಾರಣ ಫಿಲ್ಮ್‌ಗೂ ಇರುವ ವ್ಯತ್ಯಾಸ ಯಾರ ಕಿವಿಗಾದರೂ ಗೊತ್ತಾಗುತ್ತದೆ.

ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವ ಇರುವ ದೊಡ್ಡ) ಕೆಪಾಸಿಟರ್‌ಗಳು ಒಣಗುವುದು ಬಿಸಿಯಿಂದ. ಸ್ಪೀಕರ್‌ನಲ್ಲಿ ಗುಂಯ್ ಸದ್ದಿದ್ದರೆ ಅದರ ಸ್ವರ ಗಮನಿಸಿ. 50 ಹರ್ಟ್ಜ್ ಕರೆಂಟ್ ಇರುವ ಕಡೆ ಫಿಲ್ಟರ್ ಕೆಪಾಸಿಟರ್ ಕೆಟ್ಟರೆ ಬರುವುದು 100 ಹರ್ಟ್ಜ್, ಸ್ವಲ್ಪ ಒರಟಾದ ಬರ್ರ್ ಸದ್ದು. ಮೃದುವಾಗಿ ಆಳದಲ್ಲಿ ಗುಂಯ್ ಅನ್ನುವ 50 ಹರ್ಟ್ಜ್ ಆದರೆ ಹೀಟರ್ ವೈರಿಂಗ್ ಅಥವಾ ಅರ್ತ್ ಕಡೆ ಹುಡುಕಿ. ಹೊಸದು ಹಾಕುವಾಗ 105 ಡಿಗ್ರಿಯದ್ದು, ವೋಲ್ಟೇಜ್ ಮೊದಲಿಗಿಂತ ಕಡಿಮೆ ಇಲ್ಲದ್ದು, ಪ್ಲಸ್ ಮೈನಸ್ ಎರಡು ಸಲ ನೋಡಿ ಹಾಕಿ. ಜಾಸ್ತಿ ಮೈಕ್ರೋಫ್ಯಾರಡ್ ಹಾಕಿದರೆ ಇನ್ನೂ ಒಳ್ಳೆಯದು ಅಂತ ಅನಿಸಬಹುದು. ಟ್ಯೂಬ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಟ್ಯೂಬ್) ಇದ್ದರೆ ಅದು ತಪ್ಪು: ಅಂಥದ್ದೊಂದಾದ ಜಿಝಡ್34ಕ್ಕೆ ಮೊದಲ ಕೆಪಾಸಿಟರ್‌ನ ಮಿತಿ 60 ಮೈಕ್ರೋಫ್ಯಾರಡ್. ಮೀರಿದರೆ ಪ್ರತಿ ಸಲ ಆನ್ ಮಾಡಿದಾಗಲೂ ಒಳಗೆ ಕಿಡಿ ಹಾರುವ ಸಾಧ್ಯತೆ ಇದೆ.

ಟ್ಯೂಬ್ ಪ್ರೀಆಂಪ್, ಟ್ರಾನ್ಸಿಸ್ಟರ್ ಪವರ್ ಆಂಪ್

ಸಿಗ್ನಲ್ ಮೊದಲು ಹಿಗ್ಗಿಸಿ ವಾಲ್ಯೂಮ್ ನೋಡಿಕೊಳ್ಳುವ ಪ್ರೀಆಂಪ್ ಟ್ಯೂಬಿನದ್ದು, ಸ್ಪೀಕರ್ ಓಡಿಸುವ ಪವರ್ ಆಂಪ್ ಟ್ರಾನ್ಸಿಸ್ಟರ್‌ನದ್ದು, ಈ ಜೋಡಿ ಇಟ್ಟುಕೊಂಡವರು ತುಂಬ ಜನ. ಅವರಲ್ಲಿ ಅರ್ಧ ಜನ "ಬಾಸ್ ತೆಳ್ಳಗಿದೆ, ಯಾವ ಟ್ಯೂಬ್ ಹಾಕಲಿ" ಅಂತ ಕೇಳುತ್ತಾರೆ. ಟ್ಯೂಬ್ ಬೇಡ ಮಾರಾಯ್ರೆ, ಲೆಕ್ಕ ಹಾಕಿ. ಪ್ರೀಆಂಪ್‌ನ ಔಟ್‌ಪುಟ್‌ನಲ್ಲಿ 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ ಅನ್ನಿ. ಪವರ್ ಆಂಪ್ ಟ್ಯೂಬಿನದ್ದಾದರೆ ಇನ್‌ಪುಟ್ 100 ಕಿಲೋಓಮ್, ಆಗ ಬಾಸ್ 3 ಡೆಸಿಬೆಲ್ ಇಳಿಯುವುದು 3.4 ಹರ್ಟ್ಜ್‌ನಲ್ಲಿ, ಕಿವಿಗೆ ಸಂಬಂಧವೇ ಇಲ್ಲ. ಟ್ರಾನ್ಸಿಸ್ಟರ್ ಆಂಪ್‌ನ ಇನ್‌ಪುಟ್ 10 ಕಿಲೋಓಮ್ ಆದರೆ ಅದೇ ಕೆಪಾಸಿಟರ್ 34 ಹರ್ಟ್ಜ್‌ನಲ್ಲೇ ಅಷ್ಟು ಇಳಿಸುತ್ತದೆ. ಡೋಲಿನ ಹೊಟ್ಟೆಯೇ ಹೋಯಿತು. 2.2 ಮೈಕ್ರೋಫ್ಯಾರಡ್ ಹಾಕಿದರೆ 7 ಹರ್ಟ್ಜ್‌ಗೆ ಇಳಿಯುತ್ತದೆ. ಕೆಪಾಸಿಟರ್ ದೊಡ್ಡದಾದಷ್ಟೂ ಆನ್ ಮಾಡುವಾಗ ಸ್ಪೀಕರ್‌ನಲ್ಲಿ ದಡ್ ಅನ್ನುವುದು ಜಾಸ್ತಿಯಾಗುತ್ತದೆ, ಅದಕ್ಕೆ ಪ್ರೀಆಂಪ್ ಮೊದಲು ಆನ್ ಮಾಡಿ ಒಂದು ನಿಮಿಷ ಬಿಟ್ಟು ಪವರ್ ಆಂಪ್ ಹಾಕಿ. ಜೊತೆಗೆ ಪವರ್ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಮೇಲೆ ಹೇಳಿದ ಓಮ್ ಸಂಖ್ಯೆ) ಪ್ರೀಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಕನಿಷ್ಠ ಹತ್ತು ಪಟ್ಟು ಇದೆಯಾ ನೋಡಿ.

ಈಗ ಟ್ಯೂಬ್

ಸಣ್ಣ ಟ್ಯೂಬ್‌ಗಳ ಹೆಸರಿನಿಂದ ಶುರು ಮಾಡೋಣ. ಒಂದೇ ಟ್ಯೂಬ್‌ಗೆ ಅಮೆರಿಕದ ಹೆಸರು ಒಂದು, ಯೂರೋಪಿನ ಹೆಸರು ಇನ್ನೊಂದು. 12ಎಎಕ್ಸ್7 ಅಂದರೆ ಇಸಿಸಿ83, 12ಎಟಿ7 ಅಂದರೆ ಇಸಿಸಿ81, 12ಎಯು7 ಅಂದರೆ ಇಸಿಸಿ82. ಮೂರಕ್ಕೂ ಪಿನ್ ಜೋಡಣೆ ಒಂದೇ, ಹೀಟರ್ ಒಂದೇ, ಒಂದರ ಜಾಗಕ್ಕೆ ಇನ್ನೊಂದು ಸಲೀಸಾಗಿ ಕೂರುತ್ತದೆ. ಅದೇ ಬಲೆ. ಮೊದಲನೆಯದರ ವರ್ಧನೆ ಅಂಶ (ಸಿಗ್ನಲ್ ಹಿಗ್ಗಿಸುವ ಶಕ್ತಿ) 100, ಎರಡನೆಯದರದ್ದು 60, ಮೂರನೆಯದರದ್ದು 20ರ ಆಸುಪಾಸು, ಒಳಗೆ ಹರಿಯಬೇಕಾದ ಕರೆಂಟೂ ಬೇರೆ. 12ಎಎಕ್ಸ್7 ಒಂದು ಮಿಲಿಆಂಪ್ ಸುತ್ತಮುತ್ತ ಆರಾಮಾಗಿ ಓಡುತ್ತದೆ, ಅದರ ಜಾಗದಲ್ಲಿ 12ಎಯು7 ಹಾಕಿದರೆ ಅದಕ್ಕೆ ಬೇಕಾದ ಕರೆಂಟ್ ಆ ರೆಸಿಸ್ಟರ್‌ಗಳು ಕೊಡುವುದಿಲ್ಲ. ಆಂಪ್ ಸುಡುವುದಿಲ್ಲ, ಹಾಡು ಸಪ್ಪೆಯಾಗುತ್ತದೆ, ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಭಾಗವನ್ನು ಹಿಂದಕ್ಕೆ ತರುವುದು) ಇರುವ ಆಂಪ್ ಆದರೆ ಅದರ ಲೆಕ್ಕವೂ ತಪ್ಪುತ್ತದೆ. ಗೆಯಿನ್ (ಹಿಗ್ಗಿಸುವ ಪ್ರಮಾಣ) ಸ್ವಲ್ಪ ಇಳಿಸಬೇಕು ಅಂತಿದ್ದರೆ 5751 ಅನ್ನುವ ಟ್ಯೂಬ್ ಹಾಕಿ ನೋಡಿ, ಅದರದ್ದು 70, ಸ್ವಭಾವವೂ ಹತ್ತಿರ.

ಇಸಿಸಿ88, ಅಂದರೆ 6ಡಿಜೆ8, ನೋಡಲು ಇವುಗಳ ಹಾಗೇ ಇದ್ದರೂ ಹೀಟರ್ ಜೋಡಣೆ ಬೇರೆ, ಇವುಗಳ ಸಾಕೆಟ್‌ಗೆ ಹಾಕಲೇಬೇಡಿ. ಅದರ ಸೋದರ 6922ರ ಪ್ಲೇಟ್ 220 ವೋಲ್ಟ್ ತಡೆದರೆ 6ಡಿಜೆ8 ತಡೆಯುವುದು 130 ಮಾತ್ರ. ಹಾಗಾಗಿ 6922 ಬೇಕು ಅಂದ ಕಡೆ 6ಡಿಜೆ8 ಹಾಕುವ ಮೊದಲು ಪ್ಲೇಟ್ ವೋಲ್ಟೇಜ್ ಎಷ್ಟಿದೆ ಅಂತ ನೋಡಿ. ರಷ್ಯಾದ 6ಎನ್1ಪಿಯನ್ನು ಇವುಗಳಿಗೆ ಬದಲಿ ಅಂತ ಮಾರುತ್ತಾರೆ. ಅದರ ಹೀಟರ್ 600 ಮಿಲಿಆಂಪ್ ಎಳೆಯುತ್ತದೆ, 6922 ಎಳೆಯುವುದು 300. ನಾಲ್ಕು ಟ್ಯೂಬ್ ಬದಲಿಸಿದರೆ ಟ್ರಾನ್ಸ್‌ಫಾರ್ಮರ್ ಮೇಲೆ 1.2 ಆಂಪ್ ಹೊರೆ ಜಾಸ್ತಿ. ಟ್ರಾನ್ಸ್‌ಫಾರ್ಮರ್ ಅದನ್ನು ಹೊರುತ್ತದಾ ಅಂತ ಮಾರುವವನು ಹೇಳುವುದಿಲ್ಲ.

ಒಂದೇ ಒಂದು ಒಳ್ಳೆ ಟ್ಯೂಬ್ ಕೊಳ್ಳುವಷ್ಟು ದುಡ್ಡಿದ್ದರೆ ಅದನ್ನು ಎಲ್ಲಿ ಹಾಕಬೇಕು? ರೆಕಾರ್ಡ್ ಪ್ಲೇಯರ್ ಇದ್ದರೆ ಫೋನೋ ಹಂತದ (ರೆಕಾರ್ಡ್ ಮುಳ್ಳಿನ ಸಿಗ್ನಲ್ ಹಿಗ್ಗಿಸುವ ಭಾಗದ) ಮೊದಲ ಸಾಕೆಟ್. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಕೊಡುವುದು ಐದು ಮಿಲಿವೋಲ್ಟ್ ಆಸುಪಾಸು, ಅದನ್ನು ನೂರಾರು ಪಟ್ಟು ಹಿಗ್ಗಿಸಬೇಕು, ಅದರ ಮೇಲೆ ರೆಕಾರ್ಡ್ ಸಮತೋಲನಕ್ಕಾಗಿ 20 ಹರ್ಟ್ಜ್ ಬಳಿ ಬಾಸ್ ಅನ್ನು ಮಧ್ಯದ ಸ್ವರಕ್ಕಿಂತ ಇನ್ನೂ ಹತ್ತಿರ ಹತ್ತಿರ ಹತ್ತು ಪಟ್ಟು ಏರಿಸಬೇಕು. ಟ್ಯೂಬ್‌ನ ಸಣ್ಣ ಸುಯ್ಯನೆ ಸದ್ದು, ಗುಂಯ್, ಅಲುಗಾಟ ಎಲ್ಲವೂ ಅದರ ಜೊತೆಗೇ ಹಿಗ್ಗುತ್ತವೆ. ಅಲ್ಲಿಗೆ ಕಡಿಮೆ ನಾಯ್ಸ್, ಕಡಿಮೆ ಮೈಕ್ರೋಫೋನಿಕ್ (ಅಲುಗಾಡಿದರೆ ಸದ್ದು ಮಾಡುವ ಗುಣ) ಅಂತ ಪರೀಕ್ಷೆ ಮಾಡಿ ಕೊಟ್ಟದ್ದನ್ನೇ ತನ್ನಿ. ಮನೆಯಲ್ಲಿ ಪರೀಕ್ಷೆಗೆ ವಾಲ್ಯೂಮ್ ಕಡಿಮೆ ಇಟ್ಟು ಪೆನ್ಸಿಲ್‌ನ ರಬ್ಬರ್ ತುದಿಯಿಂದ ಗಾಜನ್ನು ಮೆತ್ತಗೆ ತಟ್ಟಿ. ಟಕ್ ಅಂದು ಸುಮ್ಮನಾದರೆ ಪರವಾಗಿಲ್ಲ. ಗಂಟೆ ಹೊಡೆದ ಹಾಗೆ ಟಿಂಗ್ ಅಂತ ಮೊಳಗುತ್ತಿದ್ದರೆ ಅದನ್ನು ಬೇರೆ ಹಂತಕ್ಕೆ ಹಾಕಿ, ಅಲ್ಲಿ ಅದೇ ಟ್ಯೂಬ್ ಹತ್ತು ವರ್ಷ ತಕರಾರಿಲ್ಲದೆ ಓಡಬಹುದು.

ಪವರ್ ಟ್ಯೂಬ್‌ಗಳನ್ನು ಜೊತೆಯಾಗಿ ಹೊಂದಿಸಿದ್ದನ್ನೇ ಕೊಳ್ಳಿ. ಇಎಲ್34 ಬದಲು ಇನ್ನೂ ದೊಡ್ಡ ಪವರ್ ಟ್ಯೂಬ್ ಆದ ಕೆಟಿ88 ಹಾಕಿದರೆ ಪವರ್ ಜಾಸ್ತಿ ಬರುತ್ತದೆ ಅನ್ನುವುದು ಬರೀ ಆಸೆ. ಪವರ್ ತೀರ್ಮಾನ ಆಗುವುದು ಪವರ್ ಸಪ್ಲೈ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ. ಬಯಾಸ್ ಹೊಸದಾಗಿ ಮಾಡಬೇಕು, ಹೀಟರ್ 1.5 ಆಂಪ್ ಬದಲು 1.6 ಎಳೆಯುತ್ತದೆ. ತಿರುಗಾ ಮುರುಗಾ, ಕೆಟಿ88ರ ಆಂಪ್‌ಗೆ ಇಎಲ್34 ಹಾಕುವ ಮೊದಲು 1ನೇ ಪಿನ್ 8ನೇ ಪಿನ್‌ಗೆ ಜೋಡಣೆ ಆಗಿದೆಯಾ ನೋಡಿ, ಇಎಲ್34ರಲ್ಲಿ ಸಪ್ರೆಸರ್ ಗ್ರಿಡ್ ಬೇರೆಯಾಗಿ 1ನೇ ಪಿನ್‌ಗೆ ಬಂದಿರುತ್ತದೆ.

ರೆಕ್ಟಿಫೈಯರ್ ಬದಲಿಸುವವರಿಗೆ ಎರಡೇ ಮಾತು. ಜಿಝಡ್34ರ ಹೀಟರ್ 1.9 ಆಂಪ್, 5ಯು4ಜಿಯದ್ದು 3 ಆಂಪ್, ಟ್ರಾನ್ಸ್‌ಫಾರ್ಮರ್‌ಗೆ ಆ ಶಕ್ತಿ ಇರಬೇಕು. ಜಿಝಡ್34ರಲ್ಲಿ ವೋಲ್ಟೇಜ್ ನಷ್ಟ ಕಡಿಮೆ, ಹಾಗಾಗಿ 5ವೈ3 ಇದ್ದ ಕಡೆ ಅದನ್ನು ಹಾಕಿದರೆ ಒಳಗಿನ ವೋಲ್ಟೇಜ್ ಹತ್ತಾರು ವೋಲ್ಟ್ ಏರಿ ಹಳೇ ಕೆಪಾಸಿಟರ್‌ಗಳಿಗೆ ಕುತ್ತು.

ಹೆಸರು ನೋಡಿ ಮರುಳಾಗಬೇಡಿ. ಇವತ್ತು ಹೊಸ ಟ್ಯೂಬ್ ಮಾಡುವ ದೊಡ್ಡ ಕಾರ್ಖಾನೆಗಳು ಬೆರಳೆಣಿಕೆಯಷ್ಟು: ರಷ್ಯಾದ ಸರಾಟೋವ್, ಸ್ಲೊವಾಕಿಯಾದ ಜೆಜೆ, ಚೀನಾದ ಕೆಲವು. ಸೋವ್‌ಟೆಕ್, ಎಲೆಕ್ಟ್ರೋ-ಹಾರ್ಮೋನಿಕ್ಸ್, ಟಂಗ್-ಸೋಲ್, ಈಗಿನ ಮಲ್ಲಾರ್ಡ್ ಎಲ್ಲ ಬರುವುದು ಸರಾಟೋವ್‌ನ ಒಂದೇ ಕಾರ್ಖಾನೆಯಿಂದ. ಕೆಟ್ಟವು ಅಂತಲ್ಲ, ಆದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ತಯಾರಾಗುತ್ತಿದ್ದ ಹಳೇ ಮಲ್ಲಾರ್ಡ್‌ಗೂ ಇದಕ್ಕೂ ಹೆಸರೊಂದೇ ಸಂಬಂಧ. ಹಳೆಯದನ್ನೇ ಕೊಳ್ಳುವುದಾದರೆ ಗಾಜಿನ ಮೇಲಿನ ಬಣ್ಣದ ಅಕ್ಷರ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಗಾಜಿನಲ್ಲೇ ಕೆತ್ತಿದ ಕೋಡ್ ನೋಡಿ. ಟೆಲಿಫುಂಕನ್‌ನ ಎಷ್ಟೋ ಸಣ್ಣ ಟ್ಯೂಬ್‌ಗಳಲ್ಲಿ ತಳದ ಗಾಜಿನಲ್ಲಿ ಪಿನ್‌ಗಳ ನಡುವೆ ವಜ್ರದ ಗುರುತು ಒತ್ತಿರುತ್ತಾರೆ. ಮೇಲಿನ ಬೆಳ್ಳಿ ಬಣ್ಣದ ಕಲೆ ಗೆಟರ್ (ಒಳಗೆ ಉಳಿದ ಗಾಳಿ ಹೀರುವ ಲೇಪ), ಅದು ಇರಬೇಕಾದದ್ದೇ. ಬೆಳ್ಳಿ ಹೋಗಿ ಬಿಳಿ ಸುಣ್ಣದ ಹಾಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಮತ್ತೆ "ಹೊಸದರಂತೆ ಅಳತೆ ಬರುತ್ತದೆ" ಅಂತ ಬರೆದಿದ್ದರೆ ಅದು ಬಳಸಿದ ಟ್ಯೂಬ್ ಅಂತಲೇ ಓದಿಕೊಳ್ಳಿ.

ಕೇಳುವುದು ಹೇಗೆ

ಒಂದು ಜೊತೆ ಹಳೇ ಟ್ಯೂಬ್ ಹಾಕಿ ಎರಡು ವಾರ ಕುಣಿದಾಡಿದ್ದೇನೆ. ಹಾಡುಗಾರರು ಎದುರಿಗೇ ಬಂದು ಕೂತ ಹಾಗಿತ್ತು. ಆಮೇಲೆ ಅಳೆದರೆ ಅದರ ಗೆಯಿನ್ ಸುಮಾರು ಒಂದು ಡೆಸಿಬೆಲ್ ಜಾಸ್ತಿ, ಅಷ್ಟೇ. ಒಂದು ಡೆಸಿಬೆಲ್ ಅಂದರೆ ವೋಲ್ಟೇಜ್‌ನಲ್ಲಿ ಶೇಕಡಾ 12. ಅಷ್ಟನ್ನು ಕಿವಿ ಜೋರು ಅಂತ ಗುರುತಿಸುವುದಿಲ್ಲ, ಚೆನ್ನಾಗಿದೆ ಅಂತ ಗುರುತಿಸುತ್ತದೆ. ವಾಲ್ಯೂಮ್ ಸರಿಸಮ ಮಾಡಿ ಕೇಳಿದಾಗ ಹಾಡುಗಾರರು ಎದ್ದು ಮೊದಲಿನ ಜಾಗಕ್ಕೆ ಹೋಗಿ ಕೂತರು.

ಸರಿಸಮ ಮಾಡುವುದು ಹೀಗೆ. 400 ಹರ್ಟ್ಜ್‌ನ ಒಂದು ಟೆಸ್ಟ್ ಟೋನ್ ಹಾಕಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಎಷ್ಟಿದೆ ಬರೆದುಕೊಳ್ಳಿ. ಸಾಮಾನ್ಯ ಮೀಟರ್‌ಗಳು ಎತ್ತರದ ಸ್ವರಗಳಲ್ಲಿ ತಪ್ಪು ತೋರಿಸುತ್ತವೆ, ಅದಕ್ಕೇ 400. ಟ್ಯೂಬ್ ಬದಲಿಸಿದ ಮೇಲೆ ಅದೇ ಟೋನ್ ಹಾಕಿ ವಾಲ್ಯೂಮ್ ತಿರುಗಿಸಿ ಶೇಕಡಾ ಒಂದರ ಒಳಗೆ ತನ್ನಿ. ಆಮೇಲೆ ಹಾಡು ಕೇಳಿ. ಒಮ್ಮೆಗೆ ಒಂದೇ ಬದಲಾವಣೆ. ಆಂಪ್ ಅರ್ಧ ಗಂಟೆಯಾದರೂ ಬಿಸಿಯಾಗಿರಲಿ. ಹೊಸದು ಹಾಕಿ ಒಂದು ವಾರ ಬಿಡಿ, ಆಮೇಲೆ ಹಳೆಯದನ್ನು ವಾಪಸ್ ಹಾಕಿ. ಹಳೆಯದಕ್ಕೆ ಹೋದಾಗ ಏನೋ ಕಳೆದುಕೊಂಡ ಹಾಗೆ ಅನಿಸಿದರೆ ಮಾತ್ರ ಹೊಸದು ಉಳಿಯಲಿ.

ತೆಗೆದ ಟ್ಯೂಬ್ ಬಿಸಾಡಬೇಡಿ. ಡಬ್ಬಿಯ ಮೇಲೆ ಯಾವ ಸಾಕೆಟ್‌ನಿಂದ ತೆಗೆದದ್ದು, ಸುಮಾರು ಎಷ್ಟು ಗಂಟೆ ಓಡಿದೆ ಅಂತ ಬರೆದಿಡಿ. ಪವರ್ ಟ್ಯೂಬ್ ಎರಡು ಮೂರು ಸಾವಿರ ಗಂಟೆ ಬಾಳಿದರೆ ಹೆಚ್ಚು, ಸಣ್ಣವು ಅದರ ಎರಡು ಮೂರು ಪಟ್ಟು ಬಾಳುತ್ತವೆ. ಮುಂದೊಂದು ರಾತ್ರಿ ಎಡಗಡೆ ಸ್ಪೀಕರ್‌ನಲ್ಲಿ ಚರಚರ ಶುರುವಾದಾಗ ಆ ಡಬ್ಬಿ ಬೇಕಾಗುತ್ತದೆ. ಆಫ್ ಮಾಡಿ, ಎಡಬಲದ ಸಣ್ಣ ಟ್ಯೂಬ್‌ಗಳನ್ನು ಅದಲು ಬದಲು ಮಾಡಿ. ಸದ್ದು ಬಲಗಡೆಗೆ ಹೋದರೆ ಟ್ಯೂಬ್ ಕೆಟ್ಟಿದೆ, ಡಬ್ಬಿಯಿಂದ ಒಂದು ತೆಗೆದು ಹಾಕಿ. ಎಡಗಡೆಯೇ ಉಳಿದರೆ ಡಬ್ಬಿ ಮುಚ್ಚಿಡಿ, ಸಾಕೆಟ್ ಒರೆಸಿ.